ರಸೀದಿ ಬದಲಾಗಬಾರದು: ಕೋಡ್ ಬರೆಯುವ ಸಾಧನಕ್ಕೆ ಹೊಸ ಭಾಷೆ ಹುಡುಕುವಾಗ

ಶಿವಮೊಗ್ಗದ ಅಡಿಕೆ ಮಂಡಿಗಳಲ್ಲಿ ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ನಾಲ್ಕು ಹೆಸರುಗಳು ದಿನವಿಡೀ ಕಿವಿಗೆ ಬೀಳುತ್ತಿರುತ್ತವೆ. ರೈತರು ತಂದ ಚೀಲದಲ್ಲಿರುವುದು ಯಾವ ದರ್ಜೆಯ ಅಡಿಕೆ, ತೂಕವೆಷ್ಟು, ದರವೆಷ್ಟು, ಹಮಾಲಿಯೆಷ್ಟು ಎಂಬುದೆಲ್ಲ ಕೊನೆಗೆ ಒಂದು ರಸೀದಿಯ ಮೇಲೆ ಬಂದು ಕೂರಬೇಕು. ಇಂತಹ ಲೆಕ್ಕದ ಒಂದು ತಂತ್ರಾಂಶವನ್ನು ನಾವು ಐದು ಜನ ನೋಡಿಕೊಳ್ಳುತ್ತೇವೆ. ರಸೀದಿಗೆ ಒಂದೇ ಒಂದು ಹೊಸ ಅಂಕಣ ಸೇರಿಸಬೇಕೆಂದರೂ ಮೊಬೈಲ್ ಆ್ಯಪ್, ಸರ್ವರ್, ಡೇಟಾಬೇಸ್, ಮುದ್ರಣದ ನಮೂನೆ ಹೀಗೆ ನಾಲ್ಕು ಕಡೆ ತಿದ್ದಬೇಕು. ಒಂದು ಕಡೆ ಮರೆತರೆ ಆ್ಯಪ್‌ನಲ್ಲಿ ಕಾಣುವ ಮೊತ್ತ ಒಂದು, ಕಾಗದದ ಮೇಲಿನ ಮೊತ್ತ ಇನ್ನೊಂದು.

ಈ ತೊಂದರೆಗೆ ಕಂಪ್ಯೂಟರ್ ಜಗತ್ತು ಬಹಳ ಹಿಂದೆಯೇ ಕಂಡುಕೊಂಡ ಪರಿಹಾರ ಕೋಡ್ ಜನರೇಟರ್, ಅಂದರೆ ಕೋಡ್ ಬರೆಯುವ ಕೋಡ್. ರಸೀದಿಯಲ್ಲಿ ಏನೇನಿರಬೇಕು ಎಂಬುದನ್ನು ಒಂದು ವಿವರಣೆಯ ಕಡತದಲ್ಲಿ ಒಮ್ಮೆ ಬರೆದಿಡುತ್ತೇವೆ. ಸಾಧನ ಅದನ್ನು ಓದಿ ನಾಲ್ಕೂ ಕಡೆಗೆ ಬೇಕಾದ ಕೋಡನ್ನು ತಾನೇ ಬರೆದುಕೊಡುತ್ತದೆ. ಹಂಚಿನ ಕಾರ್ಖಾನೆಯಲ್ಲಿ ಅಚ್ಚು ಮಾಡುವ ಕೆಲಸ ಅದರದು. ಅಚ್ಚು ಸರಿಯಿದ್ದರೆ ಪ್ರತಿ ಹಂಚನ್ನೂ ಕೈಯಲ್ಲಿ ಹಿಡಿದು ನೋಡಬೇಕಾಗಿಲ್ಲ.

ನಮ್ಮ ಅಚ್ಚು ಹಳೆಯದಾಗಿತ್ತು. ಅದನ್ನು ಬರೆದವರು ಬೆಂಗಳೂರು ಸೇರಿ ವರ್ಷಗಳಾಗಿವೆ. ಬರೆದದ್ದು ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯ ಎರಡನೆಯ ಆವೃತ್ತಿಯಾದ ಪೈಥಾನ್ 2ರಲ್ಲಿ. ಆ ಆವೃತ್ತಿಗೆ ಅಧಿಕೃತ ಬೆಂಬಲ 2020ರ ಜನವರಿ 1ಕ್ಕೆ ನಿಂತುಹೋಯಿತು. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಅದು ಇರುವುದಿಲ್ಲ. ಹಾಕಿಕೊಂಡರೂ ಅದಕ್ಕೆ ಬೇಕಾದ ಲೈಬ್ರರಿಗಳು, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡಿನ ಕಟ್ಟುಗಳು, ಒಂದೊಂದಾಗಿ ಕೈಬಿಡುತ್ತಿವೆ. ಕಚೇರಿಯ ಮೂಲೆಯಲ್ಲಿರುವ ಹಳೆಯ ಲ್ಯಾಪ್‌ಟಾಪ್ ಒಂದರಲ್ಲಿ ಮಾತ್ರ ಸಾಧನ ನಡೆಯುತ್ತಿತ್ತು. ಅದರ ಬ್ಯಾಟರಿ ಸತ್ತಿದೆ. ಆಷಾಢದ ಮಳೆಯಲ್ಲಿ ಕರೆಂಟ್ ಹೋದರೆ ಅಂದು ಹೊಸ ಕೋಡ್ ಇಲ್ಲ. ಮರಳಿ ಬರೆಯಲೇಬೇಕು ಎಂಬ ತೀರ್ಮಾನಕ್ಕೆ ಚರ್ಚೆಯೇ ಬೇಕಾಗಲಿಲ್ಲ. ಯಾವ ಭಾಷೆಯಲ್ಲಿ ಎಂಬ ಪ್ರಶ್ನೆ ಮಾತ್ರ ಮೂರು ವಾರ ಎಳೆಯಿತು.

ಈ ಪ್ರಶ್ನೆ ನಮ್ಮೊಬ್ಬರದೇ ಅಲ್ಲ. ಕಳೆದ ಕೆಲವು ವರ್ಷಗಳಿಂದ ಪ್ರೋಗ್ರಾಮರ್‌ಗಳು ಬಳಸುವ ಸಾಧನಗಳನ್ನೇ ಬೇರೆ ಭಾಷೆಗೆ ಒಯ್ಯುವ ಅಲೆ ಎದ್ದಿದೆ. ಪೈಥಾನ್‌ಗಾಗಿ ಇರುವ ಸಾಧನಗಳು ರಸ್ಟ್ ಭಾಷೆಯಲ್ಲಿ ಬರುತ್ತಿವೆ. ಜಾವಾಸ್ಕ್ರಿಪ್ಟ್‌ಗಾಗಿ ಇರುವವು ಗೋ ಭಾಷೆಗೂ ರಸ್ಟ್‌ಗೂ ಹಂಚಿಹೋಗಿವೆ. 2025ರ ಮಾರ್ಚ್‌ನಲ್ಲಿ ಮೈಕ್ರೋಸಾಫ್ಟ್ ತನ್ನ ಟೈಪ್‌ಸ್ಕ್ರಿಪ್ಟ್ ಭಾಷೆಯ ಕಂಪೈಲರನ್ನು (ಬರೆದ ಕೋಡನ್ನು ಪರೀಕ್ಷಿಸಿ ಓಡಬಲ್ಲ ರೂಪಕ್ಕೆ ತರುವ ಪ್ರೋಗ್ರಾಮನ್ನು) ಗೋ ಭಾಷೆಗೆ ಒಯ್ಯುವುದಾಗಿ ಪ್ರಕಟಿಸಿದಾಗ ಅದು ದೊಡ್ಡ ಸುದ್ದಿಯಾಯಿತು. ನಮ್ಮ ತಂಡದ ಕಿರಿಯ ಹುಡುಗ ಅದೇ ಸುದ್ದಿಯನ್ನು ಹಿಡಿದು ಗೋ ಭಾಷೆಯ ಪರ ನಿಂತ. ಇನ್ನೊಬ್ಬರು ರಸ್ಟ್ ಎಂದರು. ಆ್ಯಪ್ ನೋಡಿಕೊಳ್ಳುವ ತೀರ್ಥಹಳ್ಳಿಯ ಹುಡುಗಿ, ಆ್ಯಪ್ ಹೇಗೂ ಕಾಟ್ಲಿನ್‌ನಲ್ಲಿದೆ, ಸಾಧನವೂ ಅದರಲ್ಲೇ ಇರಲಿ ಎಂದಳು.

ಇಲ್ಲಿಯೇ ಮೊದಲ ಗೊಂದಲವನ್ನು ಬಿಡಿಸಿಕೊಳ್ಳಬೇಕು. ಸಾಧನವನ್ನು ಬರೆದ ಭಾಷೆ ಬೇರೆ, ಸಾಧನ ಬರೆದುಕೊಡುವ ಭಾಷೆ ಬೇರೆ. ಎರಡೂ ಒಂದೇ ಆಗಬೇಕೆಂಬ ನಿಯಮವಿಲ್ಲ. ಗೂಗಲ್ 2008ರಲ್ಲಿ ಎಲ್ಲರಿಗೂ ತೆರೆದಿಟ್ಟ, ದತ್ತಾಂಶದ ವಿವರಣೆಯಿಂದ ಕೋಡ್ ಬರೆದುಕೊಡುವ ಪ್ರೋಟೋಕಾಲ್ ಬಫರ್ಸ್ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಕಂಪೈಲರ್ ಸಿ ಪ್ಲಸ್ ಪ್ಲಸ್‌ನಲ್ಲಿದೆ, ಆದರೆ ಅದು ಜಾವಾಕ್ಕೂ ಪೈಥಾನ್‌ಗೂ ಕೋಡ್ ಬರೆದುಕೊಡುತ್ತದೆ. ಮುಂದೆ ಅದಕ್ಕೆ ಪ್ಲಗಿನ್ ವ್ಯವಸ್ಥೆಯೂ ಬಂದಿತು: ವಿವರಣೆಯನ್ನು ಓದಿ ಪರಿಶೀಲಿಸುವ ಕೆಲಸ ಮುಖ್ಯ ಸಾಧನದ್ದು. ಅದು ತಾನು ಅರ್ಥಮಾಡಿಕೊಂಡದ್ದನ್ನು ಇನ್ನೊಂದು ಪ್ರೋಗ್ರಾಮಿಗೆ ಕೊಳವೆಯಲ್ಲಿ ನೀರು ಹರಿಸಿದಂತೆ ದಾಟಿಸುತ್ತದೆ. ಆ ಪ್ರೋಗ್ರಾಮು ಕೋಡ್ ಬರೆದು ಹಿಂದಕ್ಕೆ ಕೊಡುತ್ತದೆ. ಆ ಎರಡನೆಯ ಪ್ರೋಗ್ರಾಮು ಯಾವ ಭಾಷೆಯಲ್ಲಾದರೂ ಇರಬಹುದು. ಇದನ್ನು ತಿಳಿದಾಗ ನಮ್ಮ ಜಗಳದ ಅರ್ಧ ಬಿಸಿ ಇಳಿಯಿತು. ಕಾಟ್ಲಿನ್ ಕೋಡ್ ಹೇಗಿರಬೇಕೆಂದು ಬಲ್ಲವರು ಆ ಭಾಗದ ನಮೂನೆಯನ್ನು ಬರೆದರೆ ಸಾಕು, ಇಡೀ ಸಾಧನವನ್ನು ಅವರ ಭಾಷೆಗೆ ಎಳೆಯಬೇಕಾಗಿಲ್ಲ.

ಹಾಗಾದರೆ ಭಾಷೆಯನ್ನು ಆರಿಸುವುದು ಯಾವ ಆಧಾರದ ಮೇಲೆ? ನನ್ನ ಅನುಭವದಲ್ಲಿ, ಮರಳಿ ಬರೆಯಲು ಒತ್ತಾಯಿಸಿದ ಕಾರಣವೇ ಭಾಷೆಯನ್ನೂ ಹೇಳಿಕೊಡುತ್ತದೆ. ಎಲ್ಲಿ ನೋವಿದೆ ಎಂದು ಮೊದಲು ಮುಟ್ಟಿ ನೋಡಬೇಕು. ಬೇರೆಯವರ ನೋವಿಗೆ ಕೊಟ್ಟ ಮದ್ದನ್ನು ನಾವು ಕುಡಿದರೆ ನಮ್ಮ ಕಾಯಿಲೆ ಹೋಗುವುದಿಲ್ಲ.

ಟೈಪ್‌ಸ್ಕ್ರಿಪ್ಟ್ ತಂಡದ ನೋವು ವೇಗದ್ದು. ಸುಮಾರು 15 ಲಕ್ಷ ಸಾಲುಗಳ ವಿಎಸ್ ಕೋಡ್ ಎಂಬ ಪ್ರೋಗ್ರಾಮನ್ನು ಪರೀಕ್ಷಿಸಲು ಹಳೆಯ ಕಂಪೈಲರ್‌ಗೆ 77.8 ಸೆಕೆಂಡು ಬೇಕಾಗುತ್ತಿತ್ತು. ಗೋ ಭಾಷೆಯ ಆವೃತ್ತಿ ಅದನ್ನು 7.5 ಸೆಕೆಂಡಿಗೆ ಇಳಿಸಿತು. ಈ ಕೆಲಸವನ್ನು ಮುನ್ನಡೆಸಿದ ಆಂಡರ್ಸ್ ಹೇಲ್ಸ್‌ಬರ್ಗ್ ಸ್ವತಃ ಸಿ ಶಾರ್ಪ್ ಭಾಷೆಯನ್ನು ರೂಪಿಸಿದವರು. ಆದರೂ ಅವರು ತಮ್ಮದೇ ಭಾಷೆಯನ್ನು ಆರಿಸಲಿಲ್ಲ. ರಸ್ಟನ್ನೂ ಆರಿಸಲಿಲ್ಲ. ಕಾರಣ ಗಮನಿಸಬೇಕಾದದ್ದು. ಹಳೆಯ ಕಂಪೈಲರ್‌ನ ಒಳಗೆ ದತ್ತಾಂಶಗಳು ಒಂದನ್ನೊಂದು ಸುತ್ತಿ ಹಿಡಿದಿರುತ್ತವೆ: ತಾಯಿ ಮಗುವನ್ನು ತೋರಿಸುತ್ತದೆ, ಮಗು ತಾಯಿಯನ್ನು ತೋರಿಸುತ್ತದೆ. ಮೆಮೊರಿಯ ಒಡೆತನವನ್ನು ಕಟ್ಟುನಿಟ್ಟಾಗಿ ಕೇಳುವ ರಸ್ಟ್‌ನಲ್ಲಿ ಅಂತಹ ರಚನೆಯನ್ನು ಇದ್ದಂತೆಯೇ ಒಯ್ಯುವುದು ಕಷ್ಟ. ಬಹುಪಾಲನ್ನು ಹೊಸದಾಗಿ ಯೋಚಿಸಬೇಕಾಗುತ್ತದೆ. ಗೋ ಭಾಷೆ ಬಳಸದ ಮೆಮೊರಿಯನ್ನು ತಾನೇ ಗುಡಿಸಿಕೊಳ್ಳುತ್ತದೆ, ಮತ್ತು ಅದರಲ್ಲಿ ಕೋಡ್ ಬರೆಯುವ ರೀತಿ ಹಳೆಯ ಕೋಡಿನ ರೀತಿಗೆ ಹತ್ತಿರವಾಗಿತ್ತು. ಸಾಲಿಗೆ ಸಾಲು, ಕಾರ್ಯಕ್ಕೆ ಕಾರ್ಯ ಇಟ್ಟು ದಾಟಿಸಬಹುದಿತ್ತು. ಅವರಿಗೆ ಬೇಕಿದ್ದದ್ದು ಹೊಸ ಮನೆಯಲ್ಲ, ಅದೇ ಮನೆಯನ್ನು ಕಂಬಕ್ಕೆ ಕಂಬ ಹೊಂದಿಸಿ ಬೇರೆ ಜಾಗದಲ್ಲಿ ನಿಲ್ಲಿಸುವುದು. ಹಳೆಯ ತೊಟ್ಟಿ ಮನೆಗಳನ್ನು ಬಿಚ್ಚಿ, ಮರಮುಟ್ಟುಗಳಿಗೆ ಗುರುತು ಹಾಕಿ, ಬೇರೆಡೆ ಮತ್ತೆ ಎಬ್ಬಿಸುವ ಬಡಗಿಗಳಿಗೆ ಈ ವ್ಯತ್ಯಾಸ ಬಾಯಿಬಿಟ್ಟು ಹೇಳಬೇಕಾಗಿಲ್ಲ.

ನಮ್ಮ ಸಾಧನಕ್ಕೆ ವೇಗದ ನೋವಿತ್ತೇ? ಅಳೆದು ನೋಡಿದೆವು. ಸಾಧನ ಕೋಡ್ ಬರೆಯಲು ತೆಗೆದುಕೊಳ್ಳುವ ಸಮಯ ಕಣ್ಣು ಮಿಟುಕಿಸುವಷ್ಟು. ಆ ಕೋಡನ್ನು ಸೇರಿಸಿಕೊಂಡು ಆ್ಯಪನ್ನು ಕಟ್ಟಲು ತಗಲುವ ಸಮಯದಲ್ಲಿ ಒಂದು ಲೋಟ ಕಾಫಿ ಕುಡಿದು ಬರಬಹುದು. ಸಾಧನವನ್ನು ಹತ್ತು ಪಟ್ಟು ವೇಗಗೊಳಿಸಿದರೂ ಕಾಫಿಯ ಹೊತ್ತು ಬದಲಾಗದು. ಕೋಡ್ ಜನರೇಟರ್‌ಗಳಲ್ಲಿ ಹೆಚ್ಚಿನವು ಹೀಗೆಯೇ. ಅಳೆಯದೆ ವೇಗದ ಹೆಸರಿನಲ್ಲಿ ಭಾಷೆ ಬದಲಿಸುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ, ಏಕೆಂದರೆ ಆ ಶ್ರಮವೆಲ್ಲ ಯಾರೂ ಕಾಯದೆ ಇದ್ದ ಜಾಗದಲ್ಲಿ ಖರ್ಚಾಗುತ್ತದೆ.

ಇನ್ನೊಂದು ಬಗೆಯ ನೋವು ಇದೆ, ಅದರ ಬಗ್ಗೆ ಮಾತು ಕಡಿಮೆ. ಕೋಡ್ ಜನರೇಟರ್ ಓಡುವುದು ಉಳಿದ ಕೋಡ್ ಕಟ್ಟುವುದಕ್ಕಿಂತ ಮುಂಚೆ. ಹಾಗಾಗಿ ಅದು ಯಾವ ಭಾಷೆಯಲ್ಲಿದೆಯೋ ಆ ಭಾಷೆ, ಯೋಜನೆಯನ್ನು ಮುಟ್ಟುವ ಪ್ರತಿಯೊಬ್ಬರ ಯಂತ್ರದಲ್ಲೂ ಇರಲೇಬೇಕಾಗುತ್ತದೆ. ಲಿನಕ್ಸ್ ಕಂಪ್ಯೂಟರ್‌ಗಳಲ್ಲಿ ಬಳಸುವ ಗ್ನೋಮ್ ಡೆಸ್ಕ್‌ಟಾಪ್‌ನ ತಳಪಾಯವಾದ ಜಿಲಿಬ್ ಎಂಬ ಲೈಬ್ರರಿಯ ಕಥೆ ಇದನ್ನು ಚೆನ್ನಾಗಿ ತೋರಿಸುತ್ತದೆ. ಅದರಲ್ಲಿ ಕೋಡ್ ಬರೆಯುವ ಪುಟ್ಟ ಸಾಧನಗಳು ಹಲವು. ಒಂದು ಪರ್ಲ್‌ನಲ್ಲಿತ್ತು, ಇನ್ನೊಂದು ಸಿ ಭಾಷೆಯಲ್ಲಿತ್ತು. 2017ರಲ್ಲಿ ಅವೆರಡನ್ನೂ ಪೈಥಾನ್‌ನಲ್ಲಿ ಮರಳಿ ಬರೆದರು. ಪೈಥಾನ್ ವೇಗದ ಭಾಷೆ ಎಂದೇನೂ ಅಲ್ಲ. ಆ ಯೋಜನೆ ಮೇಸನ್ ಎಂಬ ಕಟ್ಟುವ ವ್ಯವಸ್ಥೆಗೆ ಹೊರಳುತ್ತಿತ್ತು, ಮೇಸನ್ ಬರೆದಿರುವುದು ಪೈಥಾನ್‌ನಲ್ಲಿ, ಅಂದಮೇಲೆ ಅದು ಪ್ರತಿ ಯಂತ್ರದಲ್ಲೂ ಹೇಗೂ ಇರುತ್ತದೆ. ಮನೆಯಲ್ಲಿ ಇರುವ ಕತ್ತಿಯಿಂದಲೇ ಕೆಲಸವಾಗುವಾಗ ಪೇಟೆಯಿಂದ ಎರಡು ಕತ್ತಿ ತರುವುದೇಕೆ?

ಸಿ ಭಾಷೆಯ ಸಾಧನಕ್ಕೆ ಇನ್ನೊಂದು ತೊಡಕೂ ಇದೆ. ಒಂದು ಯಂತ್ರದಲ್ಲಿ ಕೂತು ಬೇರೆ ಬಗೆಯ ಯಂತ್ರಕ್ಕಾಗಿ, ಉದಾಹರಣೆಗೆ ಲ್ಯಾಪ್‌ಟಾಪ್‌ನಲ್ಲಿ ಕೂತು ಮೊಬೈಲ್‌ಗಾಗಿ, ಕಂಪೈಲ್ ಮಾಡುವಾಗ ಸಾಧನ ಮಾತ್ರ ಲ್ಯಾಪ್‌ಟಾಪ್‌ನಲ್ಲೇ ಓಡಬೇಕು. ಅಂದರೆ ಅದನ್ನು ಪ್ರತ್ಯೇಕವಾಗಿ ಇಲ್ಲಿಗೇ ಕಂಪೈಲ್ ಮಾಡಿಕೊಳ್ಳಬೇಕು. ರಸ್ಟ್ ಮತ್ತು ಗೋ ಭಾಷೆಯ ಸಾಧನಗಳಿಗೂ ಈ ಮಾತು ಅನ್ವಯಿಸುತ್ತದೆ, ಗೋ ಭಾಷೆ ಬೇರೆ ಬೇರೆ ಯಂತ್ರಗಳಿಗೆ ಕಂಪೈಲ್ ಮಾಡುವುದನ್ನು ಬಹಳ ಸುಲಭಗೊಳಿಸಿದೆ ಎಂಬುದನ್ನು ಒಪ್ಪಿಕೊಂಡ ಮೇಲೂ.

ಮಲೆನಾಡಿನಲ್ಲಿ ಕೂತು ಕೆಲಸ ಮಾಡುವವರಿಗೆ ಇದು ಪುಸ್ತಕದ ಮಾತಲ್ಲ. ನಮ್ಮಲ್ಲಿ ಇಬ್ಬರು ವಾರದ ಹೆಚ್ಚಿನ ದಿನ ಹಳ್ಳಿಯ ಮನೆಯಿಂದಲೇ ಕೆಲಸ ಮಾಡುತ್ತಾರೆ. ಒಬ್ಬರ ಮನೆ ಹೊಸನಗರದ ಕಡೆ. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ಕರೆಂಟ್ ಬರಲು ದಿನಗಳೇ ಹಿಡಿಯುವುದುಂಟು; ಮೊಬೈಲ್ ಸಿಗ್ನಲ್‌ಗಾಗಿ ಗುಡ್ಡ ಹತ್ತಿದ ನೆನಪು 2020ರಲ್ಲಿ ಊರಿಗೆ ಮರಳಿದ ಎಲ್ಲರಿಗೂ ಇದೆ. ಸಾಧನವನ್ನು ಒಮ್ಮೆ ಓಡಿಸಲು ನೂರಾರು ಲೈಬ್ರರಿಗಳನ್ನು ಅಂತರ್ಜಾಲದಿಂದ ಇಳಿಸಿಕೊಳ್ಳಬೇಕು ಎಂದಾದರೆ ಆ ಭಾಷೆ ಎಷ್ಟೇ ಚೆಂದವಿರಲಿ, ಜುಲೈ ತಿಂಗಳಲ್ಲಿ ಅದು ನಮಗೆ ಒದಗುವುದಿಲ್ಲ. ಹೊರಗಿನ ಯಾವ ಲೈಬ್ರರಿಯೂ ಬೇಡ, ಭಾಷೆಯ ಜೊತೆಗೇ ಬರುವುದಷ್ಟರಲ್ಲೇ ಕೆಲಸವಾಗಬೇಕು ಎಂಬ ಷರತ್ತನ್ನು ನಾವು ಮೊದಲ ದಿನವೇ ಗೋಡೆಯ ಮೇಲೆ ಬರೆದು ಅಂಟಿಸಿದೆವು. ಈ ಷರತ್ತಿನಲ್ಲಿ ಪೈಥಾನ್ ಮತ್ತು ಗೋ ಎರಡೂ ಸಲೀಸಾಗಿ ತೇರ್ಗಡೆಯಾದವು. ರಸ್ಟ್ ಸೋತಿತು, ಅದರ ಮೂಲ ಲೈಬ್ರರಿಯನ್ನು ಉದ್ದೇಶಪೂರ್ವಕವಾಗಿಯೇ ಚಿಕ್ಕದಾಗಿ ಇಟ್ಟಿದ್ದಾರೆ, ಉಳಿದದ್ದು ಹೊರಗಿನಿಂದ ಬರಬೇಕು.

ಆದರೂ ರಸ್ಟ್ ಪರವಾಗಿ ಇದ್ದ ವಾದವನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ, ಏಕೆಂದರೆ ಎಲ್ಲ ವಾದಗಳಲ್ಲಿ ಅದೇ ಗಟ್ಟಿಯಾದದ್ದು. ಕೋಡ್ ಜನರೇಟರ್‌ನ ಒಳಗೆ ನಡೆಯುವುದೆಲ್ಲ ಮರವೊಂದನ್ನು ಕಟ್ಟುವ, ಅದರ ಕೊಂಬೆಕೊಂಬೆಗೂ ಹೋಗಿ ನೋಡುವ ಕೆಲಸ. ಇದು ಸಂಖ್ಯೆಯೋ, ಪಠ್ಯವೋ, ಪಟ್ಟಿಯೋ, ಐಚ್ಛಿಕ ಅಂಕಣವೋ ಎಂದು ಪ್ರತಿ ಹೆಜ್ಜೆಯಲ್ಲೂ ಕೇಳಬೇಕು. ನಾಳೆ ದಿನಾಂಕ ಎಂಬ ಹೊಸ ಬಗೆ ಸೇರಿತು ಎನ್ನಿ. ರಸ್ಟ್ ಅಥವಾ ಓಕ್ಯಾಮಲ್‌ನಂತಹ ಭಾಷೆಯಲ್ಲಿ, ಆ ಬಗೆಯನ್ನು ಗಣಿಸದೆ ಬಿಟ್ಟ ಪ್ರತಿ ಜಾಗವನ್ನೂ ಕಂಪೈಲರ್ ತಾನೇ ಬೆರಳಿಟ್ಟು ತೋರಿಸುತ್ತದೆ. ರಸ್ಟ್‌ನ ಮೊಟ್ಟಮೊದಲ ಕಂಪೈಲರನ್ನೇ ಓಕ್ಯಾಮಲ್‌ನಲ್ಲಿ ಬರೆಯಲಾಗಿತ್ತು ಎಂಬುದು ಕಾಕತಾಳೀಯವಲ್ಲ. ಇಂತಹ ಕೆಲಸಕ್ಕೆ ಆ ಭಾಷೆ ಹೇಳಿಮಾಡಿಸಿದಂತಿದೆ. ಗೋ ಭಾಷೆ ಇಲ್ಲಿ ಹಿಂದುಳಿದಿದೆ. ಬಗೆಗಳನ್ನು ವಿಂಗಡಿಸುವ ಸೌಲಭ್ಯವಿದ್ದರೂ ಒಂದನ್ನು ಮರೆತರೆ ಅದು ಎಚ್ಚರಿಸುವುದಿಲ್ಲ. ಜಾವಾ 2023ರಲ್ಲಿ ಬಂದ 21ನೆಯ ಆವೃತ್ತಿಯಲ್ಲಿ ಈ ಶಕ್ತಿಯನ್ನು ಪೂರ್ತಿಯಾಗಿ ಪಡೆಯಿತು. ಪೈಥಾನ್ 2021ರ 3.10ನೆಯ ಆವೃತ್ತಿಯಲ್ಲಿ ವಿಂಗಡಣೆಯ ರೂಪವನ್ನು ಕೊಟ್ಟಿತು. ಮರೆತದ್ದನ್ನು ಹಿಡಿಯಲು ಮಾತ್ರ ಪ್ರತ್ಯೇಕವಾದ ಬಗೆಪರೀಕ್ಷಕವನ್ನು ಓಡಿಸಬೇಕು. ಅದನ್ನು ಓಡಿಸಲು ಮರೆತರೆ ಹಿಡಿಯುವವರಿಲ್ಲ.

ಹಾಗಿದ್ದರೂ ನಾವು ಪೈಥಾನ್ 3ನ್ನೇ ಆರಿಸಿದೆವು. ಕಾರಣ ಕೈಗಳದ್ದು.

ಅಡಿಕೆ ಸುಲಿಯುವ ಯಂತ್ರಗಳು ಮಲೆನಾಡಿನ ಮನೆಗಳಿಗೆ ಬಂದ ಬಗೆಯನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ. ಮೆಟ್ಟುಗತ್ತಿಯ ಮುಂದೆ ಕೂತು ರಾತ್ರಿಯಿಡೀ ಸುಲಿಯುವವರು ಸಿಗದಾದಾಗ ಯಂತ್ರ ಬಂತು. ಕೊಳ್ಳುವ ಮುಂಚೆ ಮನೆಯ ಯಜಮಾನರು ಗಂಟೆಗೆ ಎಷ್ಟು ಸುಲಿಯುತ್ತದೆ ಎಂದು ಒಂದು ಸಲ ಕೇಳಿದರೆ, ಕೆಟ್ಟರೆ ರಿಪೇರಿ ಮಾಡುವವರು ತೀರ್ಥಹಳ್ಳಿಯಲ್ಲೇ ಸಿಗುತ್ತಾರೆಯೇ ಎಂದು ಮೂರು ಸಲ ಕೇಳುತ್ತಿದ್ದರು. ಕೊಯ್ಲಿನ ನಡುವೆ ಯಂತ್ರ ನಿಂತರೆ ದೂರದ ಊರಿನ ನಿಪುಣರು ಉಪಯೋಗಕ್ಕೆ ಬರುವುದಿಲ್ಲ.

ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಕಾಲೇಜುಗಳಿವೆ, ಬುದ್ಧಿವಂತ ಹುಡುಗ ಹುಡುಗಿಯರಿಗೆ ಕೊರತೆಯಿಲ್ಲ. ಅವರು ಕಲಿತು ಬರುವುದು ಸಿ, ಜಾವಾ, ಪೈಥಾನ್. ಎರಡು ವರ್ಷ ನಮ್ಮಲ್ಲಿ ದುಡಿದು ಬೆಂಗಳೂರಿಗೆ ಹೋಗುತ್ತಾರೆ, ಹೋಗಬೇಡಿ ಎನ್ನಲು ನಮಗೆ ಯಾವ ಅಧಿಕಾರವೂ ಇಲ್ಲ. ಸಾಧನ ಮಾತ್ರ ಇಲ್ಲಿಯೇ ಉಳಿಯುತ್ತದೆ. ಹಳೆಯ ಸಾಧನ ಅನಾಥವಾದದ್ದು ಪೈಥಾನ್ 2 ಹಳೆಯದಾಯಿತೆಂದಷ್ಟೇ ಅಲ್ಲ, ಬರೆದವರು ಹೊರಟ ಮೇಲೆ ಅದನ್ನು ತೆರೆದು ನೋಡುವ ಧೈರ್ಯ ಯಾರಿಗೂ ಬರಲಿಲ್ಲ ಎಂಬ ಕಾರಣಕ್ಕೂ. ಮುಂದೆ ಬರುವ ಹೊಸಬರು ಮೊದಲ ವಾರದಲ್ಲೇ ಸಾಧನದ ಒಳಗೆ ಕೈಹಾಕಿ ಒಂದು ಅಂಕಣ ಸೇರಿಸುವಂತಿರಬೇಕು. ರಸ್ಟ್‌ನ ಒಡೆತನದ ನಿಯಮಗಳು ಕೈಗೆ ಹತ್ತಲು ತಿಂಗಳುಗಳೇ ಬೇಕು. ಮೆಮೊರಿಯ ಸುರಕ್ಷತೆ ಅತಿ ಮುಖ್ಯವಾದ ಜಾಗದಲ್ಲಿ ಆ ಶ್ರಮ ಸಾರ್ಥಕ. ಒಂದು ಕಡತವನ್ನು ಓದಿ ನಾಲ್ಕು ಕಡತ ಬರೆದು ಮುಗಿದುಹೋಗುವ ಪ್ರೋಗ್ರಾಮಿಗೆ ಆ ಬೆಲೆ ಹೆಚ್ಚಾಯಿತು.

ದೊಡ್ಡವರೂ ಕೈಗಳನ್ನು ನೆಚ್ಚಿಯೇ ತೀರ್ಮಾನಿಸಿದ್ದುಂಟು. 2015ರ ಆಗಸ್ಟ್‌ನಲ್ಲಿ ಬಂದ ಗೋ 1.5ರಲ್ಲಿ ಆ ಭಾಷೆಯ ಕಂಪೈಲರನ್ನು ಸಿ ಭಾಷೆಯಿಂದ ಗೋ ಭಾಷೆಗೇ ಒಯ್ದರು. ಒಯ್ದದ್ದು ಮನುಷ್ಯರಲ್ಲ, ಅದಕ್ಕೆಂದೇ ಬರೆದ ಅನುವಾದಕ ಪ್ರೋಗ್ರಾಮು. ಪರಿಣಾಮವಾಗಿ ಕಂಪೈಲ್ ಮಾಡುವ ಸಮಯ ಸುಮಾರು ಎರಡು ಪಟ್ಟಾಯಿತು, ಅದನ್ನು ಅವರು ಮುಚ್ಚಿಡದೆ ಬರೆದುಕೊಂಡರು. ಗೋ ಭಾಷೆ ಬಲ್ಲವರೆಲ್ಲ ಇನ್ನು ಕಂಪೈಲರನ್ನೂ ತಿದ್ದಬಲ್ಲರು ಎಂಬುದಕ್ಕಾಗಿ ಆ ನಷ್ಟವನ್ನು ಹೊತ್ತುಕೊಂಡರು. ಭಾಷೆಯೊಂದರ ವ್ಯಾಕರಣದಿಂದ ಪಾರ್ಸರನ್ನು, ಅಂದರೆ ಕೋಡನ್ನು ಓದಿ ಬಿಡಿಸುವ ಭಾಗವನ್ನು, ಬರೆದುಕೊಡುವ ಯಾಕ್, ಇಂತಹ ಸಾಧನಗಳಲ್ಲೆಲ್ಲ ಹೆಸರಾಂತ ಹಿರಿಯ. 1970ರ ದಶಕದ ಆರಂಭದಲ್ಲಿ ಬೆಲ್ ಪ್ರಯೋಗಾಲಯದ ಸ್ಟೀಫನ್ ಜಾನ್ಸನ್ ಅದನ್ನು ಮೊದಲು ಬರೆದದ್ದು ಬಿ ಭಾಷೆಯಲ್ಲಿ, ಬಳಿಕ ಅದು ಸಿ ಭಾಷೆಗೆ ಹೊರಳಿತು. ಸುತ್ತಲಿನ ಯುನಿಕ್ಸ್ ಪ್ರಪಂಚವೇ ಸಿ ಮಾತನಾಡತೊಡಗಿದಾಗ ಅದು ಒಂದೇ ಬಿ ಹಿಡಿದು ಕೂರುವಂತಿರಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಭಾಷೆಯ ಆಯ್ಕೆ ಈ ಕೆಲಸದ ಅತಿ ಕಷ್ಟದ ಭಾಗವಾಗಿರಲಿಲ್ಲ. ಮಂಡಿಯೊಂದರಲ್ಲಿ ಲೆಕ್ಕ ಬರೆಯುವ ಹಿರಿಯರ ಮುಂದೆ ನಮ್ಮ ತೀರ್ಥಹಳ್ಳಿಯ ಹುಡುಗಿ ಹೊಸ ಸಾಧನದ ಬಗ್ಗೆ ಉತ್ಸಾಹದಿಂದ ವಿವರಿಸಿದಾಗ ಅವರು ಕೇಳಿದ್ದು ಒಂದೇ ಮಾತು: "ಅದೆಲ್ಲ ಇರಲಿ ತಂಗಿ, ರಸೀದಿ ಮೊದಲಿನ ಹಾಗೆಯೇ ಬರುತ್ತದೆಯೋ ಇಲ್ಲವೋ, ಅಷ್ಟು ಹೇಳು." ಅವಳು ಹಿಂದಿರುಗಿ ಬಂದು ಆ ಮಾತನ್ನು ನಮಗೆ ಹೇಳಿದಳು. ಮರುದಿನದಿಂದ ನಮ್ಮ ಕೆಲಸದ ಕ್ರಮವೇ ಬದಲಾಯಿತು.

ಹೊಸ ಕೋಡಿನ ಒಂದು ಸಾಲು ಬರೆಯುವ ಮುಂಚೆ ಹಳೆಯ ಲ್ಯಾಪ್‌ಟಾಪ್‌ನಲ್ಲಿ ನಮ್ಮ ಬಳಿ ಇದ್ದ ಎಲ್ಲ ವಿವರಣೆಯ ಕಡತಗಳನ್ನೂ ಓಡಿಸಿ, ಹೊರಬಂದ ಕೋಡನ್ನೆಲ್ಲ ಹಾಗೆಯೇ ಎತ್ತಿಟ್ಟೆವು. ಹೊಸ ಸಾಧನ ಬರೆದುಕೊಡುವುದು ಇದಕ್ಕೆ ಅಕ್ಷರಕ್ಕೆ ಅಕ್ಷರ ಹೊಂದಬೇಕು. ಖಾಲಿ ಜಾಗವೂ ಬದಲಾಗಬಾರದು. ಮರಳಿ ಬರೆಯುವಾಗ ಜೊತೆಗೇ ಸುಧಾರಿಸುವ ಆಸೆಯನ್ನು ಕಟ್ಟಿಹಾಕಿದೆವು. ಯಾವುದೇ ಭಾಷೆಯನ್ನು ಆರಿಸಿ, ಈ ಒಂದು ಕೆಲಸವನ್ನು ಬಿಟ್ಟರೆ ನೀವು ಕತ್ತಲೆಯಲ್ಲಿ ಸಂಕ ದಾಟಿದಂತೆ.

ಹೋಲಿಸತೊಡಗಿದ ಮೇಲೆ ಭಾಷೆಗಳ ನಿಜವಾದ ಸ್ವಭಾವಗಳು ಹೊರಬಂದವು. ಕೋಡ್ ಜನರೇಟರ್‌ನಿಂದ ಅಪೇಕ್ಷಿಸುವ ಮೊದಲ ಗುಣ, ಅದೇ ವಿವರಣೆ ಕೊಟ್ಟರೆ ಅದೇ ಕೋಡ್ ಬರಬೇಕು ಎಂಬುದು. ಹೆಸರು ಮತ್ತು ಬೆಲೆಗಳ ಜೋಡಿಗಳನ್ನು ಇಡುವ ಮ್ಯಾಪ್‌ಗಳನ್ನು ಗೋ ಭಾಷೆ ಪ್ರತಿ ಸಲ ಬೇರೆ ಕ್ರಮದಲ್ಲಿ ಕೊಡುತ್ತದೆ, ಬೇಕೆಂದೇ ಹಾಗೆ ಮಾಡಿದ್ದಾರೆ. ರಸ್ಟ್‌ನ ಸಾಮಾನ್ಯ ಮ್ಯಾಪ್ ಕೂಡ ಕ್ರಮದ ಭರವಸೆ ಕೊಡದು. ಹೀಗಾದರೆ ಏನೂ ಬದಲಾಗದ ದಿನವೂ ಹತ್ತಾರು ಕಡತಗಳು ಬದಲಾದಂತೆ ಕಾಣುತ್ತವೆ, ನಿಜವಾದ ಬದಲಾವಣೆ ಆ ರಾಶಿಯಲ್ಲಿ ಹೂತುಹೋಗುತ್ತದೆ. ಹೆಸರುಗಳನ್ನು ವಿಂಗಡಿಸಿ ಬರೆದರೆ ತಪ್ಪಿಸಿಕೊಳ್ಳಬಹುದು, ಆದರೆ ನೆನಪಿಟ್ಟು ಮಾಡಬೇಕು. ಪೈಥಾನ್ 3.7ರಿಂದ ಈಚೆಗೆ, ಸೇರಿಸಿದ ಕ್ರಮವನ್ನೇ ಉಳಿಸುವ ಖಾತರಿಯಿದೆ. ವಿವರಣೆಯ ಕಡತದಲ್ಲಿ ರಾಶಿ ಮೊದಲು, ಗೊರಬಲು ಕೊನೆಗೆ ಇದ್ದರೆ ಕೋಡಿನಲ್ಲೂ ಹಾಗೆಯೇ ಬರುತ್ತದೆ.

ಎರಡನೆಯದು ಕನ್ನಡದ ಅಳತೆ. ಮುದ್ರಣದ ನಮೂನೆಯಲ್ಲಿ ದರ್ಜೆಯ ಹೆಸರಿಗೆ ಎಷ್ಟು ಜಾಗ ಬಿಡಬೇಕೆಂದು ಸಾಧನ ಮೊದಲೇ ಎಣಿಸಿಡುತ್ತದೆ. ಬೆಟ್ಟೆ ಎಂಬ ಪದವನ್ನು ತೆಗೆದುಕೊಳ್ಳಿ. ಓದುವವರ ಕಣ್ಣಿಗೆ ಎರಡು ಅಕ್ಷರ. ಎಲ್ಲ ಲಿಪಿಗಳಿಗೂ ಸಂಕೇತ ಕೊಡುವ ಯೂನಿಕೋಡ್ ಲೆಕ್ಕದಲ್ಲಿ ಆರು ಸಂಕೇತ. ಆ ಸಂಕೇತಗಳನ್ನು ಕಡತದಲ್ಲಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು, ಹಾಗಾಗಿ 18 ಬೈಟ್. ಗೋ ಮತ್ತು ರಸ್ಟ್ ಭಾಷೆಗಳಲ್ಲಿ ಉದ್ದ ಕೇಳಿದರೆ 18 ಎನ್ನುತ್ತವೆ. ಜಾವಾ, ಜಾವಾಸ್ಕ್ರಿಪ್ಟ್, ಪೈಥಾನ್ 3 ಆರು ಎನ್ನುತ್ತವೆ. ಎರಡು ಎನ್ನುವುದು ಇವುಗಳಲ್ಲಿ ಒಂದೂ ಇಲ್ಲ. ಗೊರಬಲು ಎಂಬ ಪದಕ್ಕೂ ಆರು ಸಂಕೇತಗಳೇ, ಆದರೆ ಕಣ್ಣಿಗೆ ನಾಲ್ಕು ಅಕ್ಷರ. ಸಾಲದ್ದಕ್ಕೆ ಅದರ ಮೊದಲಿನ ಗೊ ಅಕ್ಷರದ ಒತ್ವವನ್ನು ಒಂದೇ ಸಂಕೇತವಾಗಿಯೂ ಎರಡಾಗಿ ಒಡೆದೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ, ಹೋಲಿಸಿದರೆ ಬೇರೆ ಎನ್ನಿಸುತ್ತವೆ.

ಹಳೆಯ ಸಾಧನದಲ್ಲಿ ಒಂದು ವಿಚಿತ್ರ ಪಟ್ಟಿಯಿತ್ತು: ಪ್ರತಿ ದರ್ಜೆಯ ಹೆಸರಿನ ಮುಂದೆ ಒಂದು ಅಂಕಿ, ಯಾವ ವಿವರಣೆಯೂ ಇಲ್ಲ. ಅದು ಕಸವೆಂದು ನಾನೇ ತೆಗೆದುಹಾಕಹೊರಟಿದ್ದೆ. ಬೈಟ್‌ಗಳ ಲೆಕ್ಕದಿಂದ ರಸೀದಿಯ ಅಂಕಣಗಳು ಓರೆಯಾಗುತ್ತಿದ್ದುದನ್ನು ಕಂಡು, ಹಿಂದಿನವರು ಪ್ರತಿ ಪದವನ್ನೂ ಮುದ್ರಿಸಿ, ಸ್ಕೇಲ್ ಹಿಡಿದು ಅಳೆದು ತುಂಬಿಸಿದ ಪಟ್ಟಿ ಅದು ಎಂದು ಎತ್ತಿಟ್ಟ ಕೋಡಿಗೆ ಹೋಲಿಸಿದಾಗ ಗೊತ್ತಾಯಿತು. ಆ ಮನುಷ್ಯನ ಶ್ರದ್ಧೆಗೆ ತಲೆಬಾಗಿದೆ.

ಯಂತ್ರಬುದ್ಧಿಯ (ಎಐ) ಸಹಾಯದಿಂದ ಒಂದೇ ಸಂಜೆಯಲ್ಲಿ ಭಾಷೆ ಬದಲಿಸಬಹುದು ಎನ್ನುವವರು ಈಗ ಬಹಳ ಜನ. ನಾವೂ ಬಳಸಿದೆವು, ಬೇಸರದ ಭಾಗಗಳನ್ನು ದಾಟಿಸಲು ಅದು ನಿಜಕ್ಕೂ ನೆರವಾಯಿತು. ಆದರೆ ಆ ಅಂಕಿಗಳ ಪಟ್ಟಿಯನ್ನು ಅದೂ ಅನಗತ್ಯವೆಂದೇ ಬಿಟ್ಟುಹಾಕಿತ್ತು. ಅನುವಾದ ಅಗ್ಗವಾದಷ್ಟೂ ಪರಿಶೀಲನೆಯ ಬೆಲೆ ಏರುತ್ತದೆ. ಇನ್ನು ಕೆಲವರು ಕೇಳುತ್ತಾರೆ, ಯಂತ್ರಬುದ್ಧಿಯೇ ಕೋಡ್ ಬರೆಯುವಾಗ ಜನರೇಟರ್ ಏಕೆ ಬೇಕು ಎಂದು. ಅದೇ ವಿವರಣೆಗೆ ಇಂದು, ನಾಳೆ, ಮುಂದಿನ ವರ್ಷ ಅದೇ ಕೋಡ್ ಬರುತ್ತದೆ ಎಂಬ ಮಾತನ್ನು ಅದು ಕೊಡಲಾರದು. ಮಂಡಿಯ ಲೆಕ್ಕಕ್ಕೆ ಆ ಮಾತು ಬೇಕು.

ನನ್ನ ಆಯ್ಕೆ ಎಲ್ಲರಿಗೂ ಒಪ್ಪುವಂಥದ್ದಲ್ಲ. ಸಾಧನವನ್ನು ನಾವು ಬಳಸುವ ಬದಲು ಬೇರೆ ಊರುಗಳ ಹತ್ತಾರು ತಂಡಗಳಿಗೆ ಕೊಡಬೇಕಾಗಿದ್ದರೆ, ಅವರ ಯಂತ್ರದಲ್ಲಿ ಏನಿದೆ ಏನಿಲ್ಲ ಎಂದು ಕೇಳದೆ ಒಂದೇ ಕಡತ ಕಳುಹಿಸಿ ಓಡಿಸಿಕೊಳ್ಳಿ ಎನ್ನಬೇಕಾಗಿದ್ದರೆ, ಹಿಂದೆಮುಂದೆ ನೋಡದೆ ಗೋ ಭಾಷೆಯನ್ನು ಹಿಡಿಯುತ್ತಿದ್ದೆ. ವಿವರಣೆಯ ಕಡತವೇ ಬೆಳೆದು ತನ್ನದೇ ನಿಯಮಗಳುಳ್ಳ ಪುಟ್ಟ ಭಾಷೆಯಾಗಿದ್ದರೆ ರಸ್ಟ್ ಅಥವಾ ಓಕ್ಯಾಮಲ್ ಕಲಿಯಲು ಆರು ತಿಂಗಳು ಕೊಡಲು ಸಿದ್ಧನಿದ್ದೆ. ನಮ್ಮ ಕಿರಿಯ ಹುಡುಗನಿಗೆ ಇನ್ನೂ ಸಮಾಧಾನವಾಗಿಲ್ಲ. ಅವನ ಬಳಿ ಒಂದು ಒಳ್ಳೆಯ ಅಸ್ತ್ರವೂ ಇದೆ.

ಅದು ಹಮಾಲಿಯ ಪಟ್ಟಿ. ಚೀಲಗಳ ಸಂಖ್ಯೆಗೆ ತಕ್ಕಂತೆ ಹಮಾಲಿಯನ್ನು ಪೂರ್ಣ ರೂಪಾಯಿಗೆ ಹೊಂದಿಸಿದ ಸಿದ್ಧಪಟ್ಟಿಯೊಂದನ್ನು ಸಾಧನ ಕೋಡಿನೊಳಗೆ ಬರೆದಿಡುತ್ತದೆ. ಹೊಸ ಸಾಧನದ ಪಟ್ಟಿ ಹಳೆಯದಕ್ಕೆ ಎಲ್ಲ ಕಡೆ ಹೊಂದಿತು, ಕೆಲವು ಸಾಲುಗಳನ್ನು ಬಿಟ್ಟು. ಚೀಲಕ್ಕೆ 12 ರೂಪಾಯಿ 50 ಪೈಸೆ ಎಂದಿಟ್ಟುಕೊಳ್ಳಿ. ಒಂದು ಚೀಲಕ್ಕೆ ಹಳೆಯ ಸಾಧನ 13 ಎನ್ನುತ್ತಿತ್ತು, ಹೊಸದು 12 ಎಂದಿತು. ಮೂರು ಚೀಲಕ್ಕೆ ಎರಡೂ 38 ಎಂದವು. ಐದು ಚೀಲಕ್ಕೆ ಮತ್ತೆ ಹಳೆಯದು 63, ಹೊಸದು 62. ಅರ್ಧ ರೂಪಾಯಿ ಬಂದಾಗ ಪೈಥಾನ್ 2 ಯಾವಾಗಲೂ ಮೇಲಕ್ಕೆ ಏರಿಸುತ್ತಿತ್ತು; ಪೈಥಾನ್ 3 ಹತ್ತಿರದ ಸಮಸಂಖ್ಯೆಗೆ ಹೊಂದಿಸುತ್ತದೆ. ಹೆಸರು ಒಂದೇ ಇರುವ ಭಾಷೆಯ ಎರಡು ಆವೃತ್ತಿಗಳ ನಡುವಿನ ವ್ಯತ್ಯಾಸ ಇದು. ಗೋ ಅಥವಾ ರಸ್ಟ್ ಆರಿಸಿದ್ದರೆ ಅವುಗಳ ಸಾಮಾನ್ಯ ವಿಧಾನ ಹಳೆಯ ಲೆಕ್ಕಕ್ಕೇ ಹೊಂದುತ್ತಿತ್ತು, ನಮಗೆ ಈ ತೊಡಕು ಎದುರಾಗುತ್ತಲೇ ಇರಲಿಲ್ಲ. ಹುಡುಗ ಅದನ್ನೇ ಎತ್ತಿ ಹೇಳುತ್ತಾನೆ, ಅವನು ಹೇಳುವುದು ನಿಜ.

ಆ ಒಂದು ರೂಪಾಯಿ ಚೀಲ ಹೊತ್ತವರದು. ಅರ್ಧವನ್ನು ಮೇಲಕ್ಕೇ ಏರಿಸುವ ಪುಟ್ಟ ಕಾರ್ಯವೊಂದನ್ನು ಬರೆದು, ಏಕೆ ಬರೆದೆವು ಎಂಬುದನ್ನು ಅದರ ಮೇಲೆ ಕನ್ನಡದಲ್ಲಿ ನಾಲ್ಕು ಸಾಲು ಟಿಪ್ಪಣಿ ಹಾಕಿದ್ದೇವೆ. ಆ್ಯಪ್, ಸರ್ವರ್, ಡೇಟಾಬೇಸ್ ಮೂರೂ ಈಗ ಹೊಸ ಸಾಧನದಿಂದಲೇ ಬರುತ್ತಿವೆ. ಮುದ್ರಣದ ನಮೂನೆ ಬಾಕಿಯಿದೆ. ಅದು ಮುಗಿಯುವವರೆಗೆ ಮೂಲೆಯ ಹಳೆಯ ಲ್ಯಾಪ್‌ಟಾಪನ್ನು ಯಾರೂ ಆಫ್ ಮಾಡಬೇಡಿ ಎಂದು ಚೀಟಿ ಅಂಟಿಸಿದ್ದೇವೆ. ಅಡಿಕೆ ಗೊನೆಗಳ ಕೊಯ್ಲು ಶುರುವಾಗಿ ಮಂಡಿಗೆ ಹೊಸ ಅಡಿಕೆ ಬರುವ ಮುಂಚೆ ಆ ಚೀಟಿಯನ್ನು ತೆಗೆಯಬೇಕು.